ನೀರು ಒಗ್ಗುವ ತನಕ

ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು, ಏನೋ ಹೇಳಲು ಹೊರಟು ಬೇಡವೆಂದು ನುಂಗಿಕೊಂಡ ಬೀಗರ ಬಾಯಿಯಂತೆ, ಗಾಜಿನ ತೊಟ್ಟಿಯಲ್ಲಿ ತೇಲುವ ಪ್ಲಾಸ್ಟಿಕ್ ಕವರು, ಕವರಿನೊಳಗೆ ಬೆರಳುದ್ದದ ಕಿತ್ತಳೆ ಮೀನು, ಇಷ್ಟೇ ಇಷ್ಟು ಜೀವ, ಇದಕ್ಕಾಗಿ ಸಿದ್ದಯ್ಯ ಬೆಳಗ್ಗೆ ಎದ್ದು ಹುಣಸೂರಿಗೆ ಹೋಗಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಪಿರಿಯಾಪಟ್ಟಣದವರೆಗೂ ತಂದಿದ್ದಾನೆ, ರಸ್ತೆಯ ಒಂದೊಂದು ಉಬ್ಬಿಗೂ ಬಸುರಿಯ ಹಾಗೆ ಹೊಟ್ಟೆ ಹಿಡಿದುಕೊಂಡು — ಕಾವಲಿಯ ಮೇಲೆ ಜಿಲೇಬಿ ಮೀನಿನ ತುಂಡು ಚುರ್ ಎಂದಿತು, ಮಗುಚಬೇಕು, ಮಗುಚಿದ. ಮೀನು ಕೊಯ್ದೂ ಕೊಯ್ದೂ ಕೈಯ ರೇಖೆಗಳೇ ಸವೆದಿವೆ, ಒಂದು ದಿನವೂ ಅಯ್ಯೋ ಅನಿಸಿದ್ದಿಲ್ಲ, ಈ ಬೆರಳುದ್ದದ ಮೀನು ಸತ್ತರೆ ಮಾತ್ರ ಅನ್ನ ಇಳಿಯುವುದಿಲ್ಲ, ಇದೆಂಥ ಕರ್ಮ. ಹಲ್ಲುನೋವಿಗೆಂದು ಮೈಸೂರಿಗೆ ಹೋದಾಗ ಡಾಕ್ಟರ ಬಾಗಿಲಲ್ಲಿ ಇಂಥದ್ದೇ ತೊಟ್ಟಿ, ನೋಡುತ್ತ ಕೂತವನಿಗೆ ಹಲ್ಲು ಇರುವುದೇ ಮರೆತುಹೋಯಿತು, ಹೆಸರು ಕೂಗಿದರೂ ಕೇಳಿಸಲಿಲ್ಲ. ಅಂದೇ ಅನಿಸಿದ್ದು, ನನ್ನ ಮಿಲಿಟರಿ ಹೋಟೆಲಿನ ಬಾಗಿಲು ದಾಟಿ ಬರುವ ಕುರಿ ಕೋಳಿ ಮೀನು ಎಲ್ಲ ಜೀವ ಬಿಟ್ಟೇ ಬರುವುದು, ಜೀವ ಇಟ್ಟುಕೊಂಡು ಬರುವವರು ಗಿರಾಕಿಗಳು, ಅವರೂ ಕೈ ತೊಳೆದು ಎದ್ದು ಹೋಗುವವರು, ಒಂದಾದರೂ ಬಂದು ಇಲ್ಲೇ ಉಳಿಯಬಾರದೇ. ತೊಟ್ಟಿ ತಂದ, ಮೀನು ಬಿಟ್ಟ, ಉಳಿಯಲಿಲ್ಲ. ಮೊದಲನೆಯದು ಮಾರನೆಯ ದಿನವೇ ಹೊಟ್ಟೆ ಮೇಲೆ ಮಾಡಿ ತೇಲಿತು, ಸರಿಯಾಗಿ ಊಟದ ಹೊತ್ತಿಗೆ, ಮೂಲೆ ಮೇಜಿನ ಆಟೋ ಮಾದೇಶ ತಟ್ಟೆಯನ್ನೂ ತೊಟ್ಟಿಯನ್ನೂ ಬದಲಾಯಿಸಿ ಬದಲಾಯಿಸಿ ನೋಡಿ, ಸಿದ್ದಣ್ಣ, ಇದು ಫ್ರೈಗೋ ಸಾರಿಗೋ ಅಂದ, ಹೋಟೆಲಿಗೆ ಹೋಟೆಲೇ ನಕ್ಕಿತು, ನಕ್ಕು ಅರ್ಧ ಜನ ಮೀನು ಬಿಟ್ಟು ಮೊಟ್ಟೆ ಹೇಳಿದರು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಕುಳ್ಳಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು ಹೇಳಿಬಿಟ್ಟಳು, ನೋಡಿ, ಇನ್ನೊಂದು ಸತ್ರೆ ಆ ತೊಟ್ಟಿಲಿ ಬೇಯ್ಸಿದ ಮೊಟ್ಟೆ ಜೋಡುಸ್ತೀನಿ. ಮಾಡುವವಳೇ ಅವಳು, ಹೆಂಡತಿ ಅಂದ ಮಾತು ಬೆಂದ ಅನ್ನ, ಮತ್ತೆ ಅಕ್ಕಿ ಆಗುವುದಿಲ್ಲ.

ಆದರೆ ಕೊಂದದ್ದು ಯಾರು ಎಂಬುದು ಅವಳಿಗೆ ಗೊತ್ತಿಲ್ಲ, ಹೇಳಲು ಸಿದ್ದಯ್ಯನಿಗೆ ಧೈರ್ಯವಿಲ್ಲ. ಹುಣಸೂರಿನ ಸಾಕುವ ಮೀನಿನ ಅಂಗಡಿಯ ರೇಣುಕಾಪ್ರಸಾದ್ ಬೆಳಗ್ಗೆ ಕೇಳಿದ್ದು ಒಂದೇ ಪ್ರಶ್ನೆ, ತೊಟ್ಟಿ ಹೆಂಗೆ ನೋಡ್ಕತೀರಾ ಯಜಮಾನ್ರೆ. ಹೆಮ್ಮೆಯಿಂದಲೇ ಹೇಳಿದ, ನಮ್ಮನೆಯವಳು ದಿನಾ ನೀರೆಲ್ಲ ಚೆಲ್ಲಿ ಸೋಪಿನ ಪುಡಿ ಹಾಕಿ ಉಜ್ಜುತ್ತಾಳೆ, ಕಲ್ಲನ್ನೂ ಬಿಡುವುದಿಲ್ಲ, ಕೊನೆಗೆ ಕಣ್ಣು ಬೀಳದಿರಲಿ ಎಂದು ಉಪ್ಪು ಅರಿಶಿನ ಬೇರೆ. ಅವನು, ಸಾಕ್ತಾ ಇದ್ರಾ, ಮಸಾಲೆಗೆ ನೆನೆಹಾಕ್ತಾ ಇದ್ರಾ, ಅಂದ. ಬಾಯಿ ತೆರೆಯಿತು, ಮುಚ್ಚಿತು, ಮೀನಿನದ್ದಲ್ಲ, ಸಿದ್ದಯ್ಯನದ್ದು. ಮೀನು ಉಚ್ಚೆ ಹೊಯ್ಯುವುದೂ ಅದೇ ನೀರಿಗೆ, ಉಸಿರಾಡುವುದೂ ಅದೇ ನೀರಲ್ಲಿ, ಆ ವಿಷ ತಿಂದು ನೀರು ಹದ ಮಾಡುವ ಕಣ್ಣಿಗೆ ಕಾಣದ ಹುಳ ತೊಟ್ಟಿಯ ಕಲ್ಲಿನ ಮೇಲೆ, ನೀರು ಸೋಸುವ ಸ್ಪಂಜಿನಲ್ಲಿ ನಿಧಾನಕ್ಕೆ ಹುಟ್ಟಬೇಕಂತೆ, ದಿನಾ ಉಜ್ಜಿದರೆ ಅವು ಹುಟ್ಟುವುದು ಯಾವಾಗ. ಹುಳ ಗಿಳ ಸಿದ್ದಯ್ಯನ ತಲೆಗೆ ಹೋಗಲಿಲ್ಲ, ಆದರೆ ತಟ್ಟನೆ ಕಾವಲಿ ಕಣ್ಣಮುಂದೆ ಬಂತು — ಇದೇ ಕಾವಲಿ, ಕರ್ರಗೆ, ಎಣ್ಣೆ ಕುಡಿದು ಕುಡಿದು ಪಳಗಿದ್ದು, ಪಳಗದ ಕಾವಲಿಗೆ ಮೀನು ಹಾಕಿದರೆ ಅಂಟಿಕೊಂಡು ಚೂರು ಚೂರು, ಪಾತ್ರೆ ತೊಳೆಯುವ ಚಿಕ್ಕಸಿದ್ದಮ್ಮ ಒಮ್ಮೆ ಇದಕ್ಕೆ ಸೋಪು ಹಚ್ಚಿದ್ದಕ್ಕೆ ಕುಳ್ಳಮ್ಮ ಅವಳ ಏಳು ತಲೆಮಾರನ್ನೂ ಬೀದಿಗೆ ಎಳೆದಿದ್ದಳು. ಹಾಗಾದರೆ ತೊಟ್ಟಿಯೂ ಪಳಗಬೇಕು, ಅಷ್ಟೇ ತಾನೆ, ಇದನ್ನು ಮೊದಲೇ ಹೇಳಬಾರದಿತ್ತೇ. ರೇಣುಕಾಪ್ರಸಾದ್ ತನ್ನ ಹಳೆಯ ತೊಟ್ಟಿಯಿಂದ ಪಾಚಿಗಟ್ಟಿದ ಸ್ಪಂಜಿನ ಚೂರು ಕಿತ್ತುಕೊಟ್ಟ, ಹಾಲಿಗೆ ಹೆಪ್ಪು ಹಾಕ್ದಂಗೆ ಇದು, ತೊಳೀಬ್ಯಾಡಿ, ನಲ್ಲಿ ನೀರು ಬಕೀಟಲ್ಲಿ ಒಂದಿನ ನಿಲ್ಸಿ ಆಮೇಲೆ ಉಯ್ರಿ, ಬ್ಲೀಚಿಂಗ್ ಹೋಗ್ಲಿ, ತಿನ್ನಕ್ಕೆ ಒಂದ್ ಚಿಟಿಕೆ, ಅದೂ ನಾಳೆ. ಅದೃಷ್ಟಕ್ಕೆ ಒಂದು ಬಕೀಟು ನಿನ್ನೆಯಿಂದ ಮೋರಿ ಪಕ್ಕ ನಿಂತಿತ್ತು — ಮೀನಿಗೆಂದಲ್ಲ, ಕುಳ್ಳಮ್ಮ ಮುದ್ದೆಗೆ ಹಿಡಿದಿಟ್ಟ ನೀರು, ಹೇಳದೆ ಎತ್ತಿ ತೊಟ್ಟಿಗೆ ಸುರಿದುಬಿಟ್ಟ, ಅದೂ ಗೊತ್ತಾಗಲಿದೆ ಈಗ.

ಕವರಿಗೆ ಒಂದು ಲೋಟ ತೊಟ್ಟಿ ನೀರು, ಸ್ವಲ್ಪ ಬಿಟ್ಟು ಇನ್ನೊಂದು ಲೋಟ, ಮೀನು ತುಂಡು ಮಗುಚುವ ನಡುನಡುವೆ ಓಡಿ ಹೋಗಿ ಹಾಕುತ್ತಾನೆ, ಅಲ್ಲಿಯ ನೀರಿಗೆ ಇಲ್ಲಿಯದು ಬೆರೆಸುತ್ತ, ಇದನ್ನು ಎಲ್ಲೋ ನೋಡಿದ್ದೇನಲ್ಲ — ಹಂಪಾಪುರ, ಹೆಂಡತಿಯ ತವರು. ಮದುವೆಯಾಗಿ ಬಂದ ಕುಳ್ಳಮ್ಮನಿಗೆ ಪಿರಿಯಾಪಟ್ಟಣದ ನೀರು ಒಗ್ಗಲಿಲ್ಲ, ಮೂಗು ಸೋರಿ, ಕೂದಲು ಉದುರಿ, ಹಿಡಿಯಷ್ಟಾಗಿದ್ದಳು, ಅತ್ತೆ ಹಂಪಾಪುರದ ಬಾವಿ ನೀರು ಕ್ಯಾನಿನಲ್ಲಿ ತುಂಬಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದಳು, ಇವತ್ತು ನಮ್ಮದು ಮುಕ್ಕಾಲು ನಿಮ್ಮದು ಕಾಲು, ಬರೋ ವಾರ ಅರ್ಧರ್ಧ, ಅವಸರ ಮಾಡ್ಬ್ಯಾಡಿ ಅಳಿಯಂದ್ರೆ ಎಂದು ಹೇಳಿ ಕಳಿಸಿ. ಬೆರೆಸಿದವನು ಇವನೇ, ಇದೇ ಕೈ. ಬೆಳಗ್ಗೆ ಮೀನು ತಂದಾಗ ಹೇಳಿಯೂ ನೋಡಿದ, ನಿಮ್ಮವ್ವ ನೀರು ಕಳುಸ್ತಿದ್ದದ್ದು ಗ್ಯಾಪ್ಕ ಅದಾ ಕಣಮ್ಮಿ, ಅವಳು ಮುದ್ದೆ ಕೋಲು ತಿರುಗಿಸುತ್ತಲೇ ಇದ್ದಳು. ಈಗ ಕವರು ಬಿಚ್ಚಿ ಬಿಟ್ಟಾಯಿತು, ಬಿಟ್ಟ ಕೂಡಲೇ ಅದು ತಳಕ್ಕೆ ಹೋಗಿ ಸ್ಪಂಜಿನ ಪಕ್ಕ ಒರಗಿತು, ಯಾಕೆ ಒರಗಿತು, ಮೂರನೆಯದೂ ಹೀಗೇ ಒರಗಿತ್ತು, ಊಟದ ಜನ ತುಂಬಿದರು, ಎರಡು ಫ್ರೈ, ಒಂದು ಬೋಟಿ, ಕೈತುಂಬ ಖಾರ, ಹೋಗಿ ಮುಟ್ಟುವಂತಿಲ್ಲ, ಮುಟ್ಟಿದರೆ ಅದರ ಕಥೆ ಮುಗಿಯಿತು. ಮಾದೇಶ ತೊಟ್ಟಿಯ ಪಕ್ಕವೇ ಕೂತಿದ್ದಾನೆ, ಮುದ್ದೆಯ ಚೂರನ್ನು ಬೆರಳಲ್ಲಿ ಉಂಡೆ ಮಾಡುತ್ತಿದ್ದಾನೆ, ಹಸಿದಿರ್ಬೇಕು ಕಣಣ್ಣ ಅನ್ನುತ್ತ ಕೈ ಎತ್ತಿದ, ಬೇಡ ಕಣ್ಲಾ ಎಂದು ಇವನ ಬಾಯಿ ತೆರೆಯಿತು, ಸದ್ದೇ ಬರಲಿಲ್ಲ, ಅತ್ತಲಿಂದ ಕುಳ್ಳಮ್ಮ, ಕೈಯಲ್ಲಿ ತಂತಿ ಬ್ರಶ್ಶು, ಕಣ್ಣು ನೇರ ಆ ಕೊಳಕು ಸ್ಪಂಜಿನ ಮೇಲೆ. ಮುಗಿಯಿತು, ಮೊಟ್ಟೆ ಜೋಡಿಸುವುದೊಂದೇ ಬಾಕಿ. ಅವಳು ಬಗ್ಗಿ ನೋಡಿದಳು, ಮೂಗು ಮುರಿದಳು, ಬ್ರಶ್ಶಿನ ಹಿಡಿಯಿಂದ ಮಾದೇಶನ ಮಣಿಕಟ್ಟಿಗೆ ಒಂದು ಬಿಟ್ಟಳು, ಹೋಟೆಲಿಗೆಲ್ಲ ಕೇಳುವಂತೆ ಹೇಳಿದಳು, ನೀರು ಒಗ್ಗೋ ಗಂಟ ಯಾರೂ ಅದುಕ್ಕೆ ಏನೂ ಆಕ್ಬ್ಯಾಡಿ, ಹೊಸ ಊರು ಅಂದ್ರೆ ಏನೂಂತ ನಿಮಗೇನು ಗೊತ್ತು. ಯಾರೂ ನಗಲಿಲ್ಲ, ಬ್ರಶ್ಶು ಸೊಂಟಕ್ಕೆ ಹೋಯಿತು, ಎಲ್ಲರ ತುತ್ತೂ ಕೈಯಲ್ಲೇ ನಿಂತಿತು, ಇಡೀ ಹೋಟೆಲು ತೊಟ್ಟಿಯ ತಳ ನೋಡುತ್ತಿದೆ, ಸಿದ್ದಯ್ಯ ಕಾವಲಿಯ ಮುಂದೆ ಹಾಗೇ, ಬಾಯಿ ತೆರೆದುಕೊಂಡು — ನಿಮ್ಮ ಬಾಯಿ ಮುಚ್ಕಳಿ, ತುಂಡು ಸೀದೋಗ್ತಾ ಅದೆ, ಅಂದಳು ಅವಳು ಇತ್ತ ತಿರುಗದೆ, ಸೀಯಲಿ, ಮುಚ್ಚಿದ, ತಳದಲ್ಲಿ ಅದರದ್ದೂ ಮುಚ್ಚಿದೆ, ಮುಚ್ಚಿಯೇ ಇದೆ, ಇನ್ನೂ ಮುಚ್ಚಿಯೇ, ತೆರೆಯೋ ನನ್ನಪ್ಪ, ಮುಚ್ಚಿಯೇ — ತೆರೆಯಿತು, ಮುಚ್ಚಿತು, ತೆರೆಯಿತು —