ಎತ್ತದ ಪರದೆ

ಬುರಿರಾಮ್ ಸೀಮೆಯ ಒಂದು ಊರಿನಲ್ಲಿ ಪರವಾನಗಿ ಪಡೆದು ಆಸ್ಪತ್ರೆಯ ಔಷಧಕ್ಕಾಗಿ ಗಾಂಜಾ ಬೆಳೆಯುವ ಹೆಂಗಸರ ಸಂಘವನ್ನು ಕಟ್ಟಿದವಳು ಲಮ್ಯೈ. ಬಿಸಿಲೇರಿದರೆ ನೆರಳುಬಲೆ ಎಳೆಯುವುದು, ಮಳೆ ನಿಂತ ಕೂಡಲೇ ತೇವಕ್ಕೆ ಹೂ ಕೊಳೆಯದಂತೆ ಪಕ್ಕದ ಪ್ಲಾಸ್ಟಿಕ್ ಪರದೆ ಎತ್ತಿ ಫ್ಯಾನು ಹಾಕುವುದು, ಗಾಳಿಯಾಡಲೆಂದು ಒಳಗಿನ ಎಲೆ ಕೀಳುವುದು, ಎಲ್ಲವನ್ನೂ ವಾರಗಿತ್ತಿ ಸುನಿಸಾಳಿಗೆ ಕಲಿಸಿದವಳೂ ಅವಳೇ. ಈಗ ನೋಡಿದರೆ ಆಸ್ಪತ್ರೆಯ ಔಷಧತಜ್ಞೆ ಬಂದವಳೇ ನೇರ ಸುನಿಸಾಳ ಹಸಿರುಮನೆಗೆ ಹೋಗುತ್ತಿದ್ದಳು. ಅಲ್ಲಿನ ಹೂಗೊನೆಗಳು ಮುಷ್ಟಿಗಾತ್ರ. ಲಮ್ಯೈಯವು ಸಣಕಲು.

"ಕೈಗುಣ ಅಂದ್ರೆ ನಿಮ್ಮದು ಸುನಿಸಾ," ಎಂದು ಆಕೆ ಎಲ್ಲರೆದುರು ಹೇಳಿದ ದಿನ ಲಮ್ಯೈ ಮನೆಗೆ ಬಂದು ತನ್ನ ಗೊನೆಗಳನ್ನು ಮುಷ್ಟಿ ಹಿಡಿದು ಅಳೆದು ನೋಡಿದಳು.

ಕೊಯ್ಲಿಗೆ ಹತ್ತು ದಿನವಿರುವಾಗ ಸುನಿಸಾಳ ತಾಯಿ ಜಾರಿಬಿದ್ದು ಸೊಂಟ ಮುರಿದುಕೊಂಡಳು.

"ಮೂರು ದಿನ ಗಿಡ ನೋಡ್ಕೋ ಅಕ್ಕಾ. ನಿಂಗೆ ನಾನೇನ್ ಹೇಳ್ಕೊಡ್ಲಿ."

"ಹೋಗ್ ಬಾ. ನಿನ್ನ ರಾಣಿಯರನ್ನ ನಾನೇನೂ ತಿಂದ್ಹಾಕಲ್ಲ."

ಅಂದು ಮಧ್ಯಾಹ್ನ ಮಳೆ ಸುರಿಯಿತು. ಎರಚಲು ಬಡಿಯದಂತೆ ಲಮ್ಯೈ ಪರದೆ ಇಳಿಸಿದಳು. ಮಳೆ ನಿಂತು ಸುಡುಬಿಸಿಲು ಬಂತು. ಪರದೆಯ ಹಗ್ಗ ಕೈಯಲ್ಲೇ ಇತ್ತು. ತೇವದ ಮಾಪಕ ಅರವತ್ತರಿಂದ ಎಂಬತ್ತಕ್ಕೆ, ತೊಂಬತ್ತಕ್ಕೆ ಏರುವುದನ್ನು ನಿಂತು ನೋಡಿದಳು. ಸ್ವಲ್ಪ ಹೊತ್ತು ಇರಲಿ ಎಂದುಕೊಂಡು ಹಗ್ಗ ಬಿಟ್ಟು ಮನೆಗೆ ಬಂದು ತನ್ನ ಗಿಡಗಳಿಗೆ ಫ್ಯಾನು ಹಾಕಿದಳು. ಮರುದಿನವೂ ಅತ್ತ ತಲೆ ಹಾಕಲಿಲ್ಲ.

ಮೂರನೆಯ ಬೆಳಿಗ್ಗೆ ಮನಸ್ಸು ತಡೆಯಲಿಲ್ಲ. ಓಡಿಹೋಗಿ ಬಾಗಿಲು ತೆರೆದರೆ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಪರದೆ ಎತ್ತಿದಳು, ಫ್ಯಾನು ಹಾಕಿದಳು, ಒಂದು ಗೊನೆ ಬಿಡಿಸಿದಳು. ನಡುವೆ ಬೂದುಬಣ್ಣದ ಬೂಷ್ಟು. ದಪ್ಪನೆಯವೇ ಮೊದಲು ಕೊಳೆತಿದ್ದವು. ಕತ್ತರಿ ಹಿಡಿದು ಊಟ ಬಿಟ್ಟು ಕೊಳೆತದ್ದನ್ನೆಲ್ಲ ಕತ್ತರಿಸಿದಳು.

ಸಂಜೆ ಬಂದ ಸುನಿಸಾ ಕೊಳೆತ ಗೊನೆಗಳ ಬುಟ್ಟಿಗಳನ್ನು ಒಂದೊಂದಾಗಿ ಎಣಿಸಿದಳು. ಆಮೇಲೆ ಅಕ್ಕನ ಕೈಯ ಬೊಬ್ಬೆ ನೋಡಿ, "ನೀನಿಲ್ದಿದ್ರೆ ಇಷ್ಟೂ ಉಳೀತಿರ್ಲಿಲ್ಲ," ಎಂದಳು.

ಆ ಸಲ ಔಷಧತಜ್ಞೆ ಲಮ್ಯೈಯ ಬೆಳೆಗೇ ಮೊದಲ ಸ್ಥಾನ ಕೊಟ್ಟಳು. "ನಮ್ಮಕ್ಕ," ಎಂದು ಸುನಿಸಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಆ ಮುಖದಲ್ಲಿ ಚೂರಾದರೂ ಕಿಚ್ಚು ಕಾಣುವುದೇ ಎಂದು ಲಮ್ಯೈ ಹುಡುಕಿದಳು. ಇರಲಿಲ್ಲ. ಹೂವಿಗಿಂತ ಆ ನಗುವೇ ಅವಳ ಹೊಟ್ಟೆಯನ್ನು ಹೆಚ್ಚು ಉರಿಸಿತು.

ಮನೆಗೆ ಹೋಗುವ ದಾರಿಯಲ್ಲಿ ಸುನಿಸಾಳಿಗೆ ಹೇಳಿಯೇಬಿಟ್ಟಳು. "ಪರದೆ ಎತ್ಲಿಲ್ಲ ನಾನು. ಮರ್ತಿದ್ದಲ್ಲ, ಬೇಕಂತಲೇ."

"ಎರಡು ದಿನಾನೂ?"

"ಎರಡು ದಿನಾನೂ. ನಿನ್ನ ಹೂವು ನನ್ ಕೈಲಿ ನೋಡಕ್ಕಾಗ್ಲಿಲ್ಲ."

ಸುನಿಸಾ ಬಿರಬಿರನೆ ಮುಂದೆ ನಡೆದಳು. ಮರುದಿನ ಲಮ್ಯೈ ಸಂಘದಲ್ಲಿ ಎಲ್ಲ ಒಪ್ಪಿಕೊಂಡು ಆ ಸ್ಥಾನ ಬಿಟ್ಟುಕೊಟ್ಟಳು. ಆದರೂ ಸುನಿಸಾ ತಿಂಗಳುಗಟ್ಟಲೆ ಮಾತಾಡಲಿಲ್ಲ.

ಸೊಂಗ್‌ಕ್ರಾನ್ ಹೊಸವರ್ಷದಂದು ಕಿರಿಯರು ಹಿರಿಯರ ಅಂಗೈಗೆ ಹೂನೀರು ಸುರಿದು ಆಶೀರ್ವಾದ ಬೇಡಬೇಕು. ಸುನಿಸಾ ಬಂದಳು. ಮುಖ ನೋಡದೆ ನೀರು ಸುರಿದಳು.

"ನಿನ್ನ ಗಿಡ ಚೆನ್ನಾಗಿ ಬರ್ಲಿ," ಎಂದಳು ಲಮ್ಯೈ. ಅರ್ಧ ಮನಸ್ಸಿನ ಮಾತು ಅದು. ಅದು ಸುನಿಸಾಳಿಗೂ ತಿಳಿಯಿತು.

"ಇಷ್ಟಾದ್ರೂ ಅಂದ್ಯಲ್ಲಾ," ಎಂದು ಅವಳು ಉಳಿದ ನೀರನ್ನೂ ಸುರಿದಳು.