ಮೂಲೆ ಮಡಿಸದ ಪುಟ

ಹನ್ನೊಂದಕ್ಕೆ ಇನ್ನು ಹದಿನೆಂಟೇ ನಿಮಿಷ. ಸರ್ವರ್ ಉಸಿರು ಬಿಗಿಹಿಡಿದು ಕುಳಿತಿತ್ತು.

ಚಾಮರಾಜಪೇಟೆಯ ಆ ವಧೂವರ ಕೇಂದ್ರದ ಜಾಲತಾಣ ತಿಂಗಳಿಂದ ದಿನವೂ ಹತ್ತೂವರೆಗೆ ಸ್ತಬ್ಧವಾಗುತ್ತಿತ್ತು. ಇಂದು ಹನ್ನೊಂದಕ್ಕೆ ವಧೂವರ ಸಮಾವೇಶದ ನೋಂದಣಿ. ಆಗಲೂ ನಿಂತರೆ, ಸರ್ವರ್ ನೋಡಿಕೊಳ್ಳುವ ಶರಣ್ಯಳ ಕೆಲಸವೂ ನಿಂತಂತೆಯೇ ಎಂದು ಮಾಲೀಕ ಪಂಚಾಕ್ಷರಯ್ಯ ಮುಚ್ಚುಮರೆಯಿಲ್ಲದೆ ಹೇಳಿದ್ದರು.

"ದೃಷ್ಟಿ ತೆಗೆಸೋಣವೇನಮ್ಮಾ ಇದಕ್ಕೆ?"

"ಪ್ರೊಸೆಸರ್ ಖಾಲಿ ಇದೆ ಸರ್. ಮೆಮೊರಿನೂ ಇದೆ. ಎಲ್ಲರೂ ಯಾರಿಗೋ ಕಾಯ್ತಾ ನಿಂತಿದಾರೆ."

ಯಾರಿಗೆ? ಶರಣ್ಯ ಡೇಟಾಬೇಸಿನ ದಾಖಲೆ ತೆರೆದಳು. ಹತ್ತೂವರೆಗೆ ಪ್ರತಿ ಸದಸ್ಯನಿಗೂ ಜೋಡಿಯ ಹುಡುಕಾಟ ತಾನಾಗಿ ಆರಂಭವಾಗುತ್ತಿತ್ತು. ಉತ್ತರ ಕೊಡದವರಿಗಾಗಿ ಅದು ದಿನದಿನಕ್ಕೂ ಹಿಗ್ಗುತ್ತಿತ್ತು: ಮೊದಲು ಜಿಲ್ಲೆ, ಆಮೇಲೆ ರಾಜ್ಯ, ಕೊನೆಗೆ ಇಡೀ ಪಟ್ಟಿ. ಅಂಥವರು ಸಾವಿರದ ಒಂಬೈನೂರು ಜನ. ಒಬ್ಬರ ಮನೆಗೆ ಫೋನ್ ಮಾಡಿದಳು.

"ಕೈಲಾಸನಾ? ಹೋಗಿ ಆರು ವರ್ಷ ಆಯ್ತಲ್ಲಮ್ಮ."

ಶರಣ್ಯ ಫೋನಿಟ್ಟು, ಕೇಳಿದ್ದನ್ನು ಹೇಳಿದಳು. ಪಂಚಾಕ್ಷರಯ್ಯ ತಲೆ ತಗ್ಗಿಸಿದರು.

"ಮದುವೆ ಪುಸ್ತಕದಲ್ಲಿ ಸಾವಿನ ಮಾತು ಬರೀಬಾರ್ದು ಅಂತ ನಮ್ಮ ತಂದೆ. ಹೆಸರು ಹೊಡೆದುಹಾಕ್ತಿರಲಿಲ್ಲ, ಹಾಳೆಯ ಮೂಲೆ ಮಡಿಸೋರು. ಕಂಪ್ಯೂಟರಿಗೆ ಹಾಕೋವಾಗ ಎಲ್ಲಾನೂ ಹಾಕಿಸ್ಬಿಟ್ಟೆ. ಆಮೇಲೆ ಹೋದವರನ್ನೂ ತೆಗೆಸಲಿಲ್ಲ. ಇದರಲ್ಲಿ ಮಡಿಸೋಕೆ ಮೂಲೆ ಎಲ್ಲಿದೆ?"

ಮೂರು ವರ್ಷದಿಂದ ಜಾಲತಾಣದ ಒಳಗೆ ಬಾರದವರ ಹುಡುಕಾಟವನ್ನೆಲ್ಲ ಅವಳು ಒಂದೇ ಆಜ್ಞೆಯಲ್ಲಿ ನಿಲ್ಲಿಸಿದಳು. ಸಾಲುಸಾಲಾಗಿ ಹೆಸರುಗಳು ಆರಿಹೋದವು. ಒಂದು ಮಾತ್ರ ಉಳಿಯಿತು. ಇಡೀ ಪಟ್ಟಿಗೆ ಬೀಗ ಜಡಿದು ಕುಳಿತಿದ್ದುದು ಅದೇ. ಅದರ ಹಿಂದೆ ಮುನ್ನೂರು ಜನ ಕಾದಿದ್ದರು.

ಕೇದಾರ್. ವಯಸ್ಸು ಮೂವತ್ತೈದು. ಕೊನೆಯ ಪ್ರವೇಶ: ಇಂದು, ಹತ್ತು ಇಪ್ಪತ್ತೆಂಟು.

ಅವಳ ಅಣ್ಣ. ತೀರಿಕೊಂಡು ನಾಲ್ಕು ವರ್ಷ; ಆಗ ಅವನಿಗೆ ಮೂವತ್ತೊಂದು.

ಹನ್ನೊಂದಕ್ಕೆ ಮೂರು ನಿಮಿಷ. ಪ್ರವೇಶಿಸಿದ ಮೊಬೈಲ್ ಸಂಖ್ಯೆ ಅವಳಿಗೆ ಬಾಯಿಪಾಠವಿತ್ತು. ಹನುಮಂತನಗರದ ಮನೆಯಲ್ಲಿ ತಾಯಿ ಕಲ್ಯಾಣಮ್ಮ ಮೊದಲ ರಿಂಗಿಗೇ ಎತ್ತಿಕೊಂಡರು.

"ಅಮ್ಮಾ, ಅಣ್ಣನ ಪುಟ ತೆಗ್ದಿದೀಯಾ?"

"ದಿನಾ ತೆಗೀತೀನಿ ಕಣೇ. ನಿನ್ನೆ ಬೆಳಗಾವಿದೊಂದು ಹುಡುಗಿ ಬಂದಿತ್ತು. ಒಳ್ಳೇ ಮನೆತನ."

"ಅಮ್ಮಾ…"

"ಗೊತ್ತು ಬಿಡೇ. ನಾನೇನು ಯಾರಿಗೂ ಹೂಂ ಅಂದಿಲ್ಲ. ಬರೀ ನೋಡ್ತೀನಿ. ಅಲ್ಲಿ ಅವನಿಗೆ ವರ್ಷ ತುಂಬ್ತಾನೇ ಇದೆ… ಇವತ್ತೂ ಯಾಕೋ ಸುತ್ತುತ್ತಾನೇ ಇದೆ, ತೆರೀತಿಲ್ಲ. ಸ್ವಲ್ಪ ನೋಡೇ."

"ಏನಾಯ್ತಮ್ಮಾ?" ಪಂಚಾಕ್ಷರಯ್ಯ ಗಡಿಯಾರ ನೋಡಿದರು. "ಒಂದೇ ನಿಮಿಷ!"

ಶರಣ್ಯ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಹಿಡಿದು, ಅಣ್ಣನ ಪುಟವನ್ನು ಪಟ್ಟಿಯಿಂದ ತೆಗೆಯುವ ಆಜ್ಞೆಯನ್ನು ಕೈಯಾರೆ ಬರೆದಳು. ಬೆರಳು ಕೀಲಿಯ ಮೇಲೆ ನಿಂತಿತು. ಆಮೇಲೆ ಒತ್ತಿತು.

ಬೀಗ ಕಳಚಿತು. ಕಾದಿದ್ದ ಮುನ್ನೂರು ಜನ ಒಮ್ಮೆಗೇ ಒಳನುಗ್ಗಿದರು. ಪಂಚಾಕ್ಷರಯ್ಯ ಹರ್ಷದಿಂದ ಮೇಜು ಕುಟ್ಟಿದರು.

ಅವಳ ಕಿವಿಯಲ್ಲಿ ತಾಯಿ ಪರದೆಯನ್ನು ಮತ್ತೆ ಮತ್ತೆ ತಟ್ಟುವ ಸದ್ದು ಕೇಳಿಸಿತು.

"ಶರಣ್ಯಾ," ಎಂದರು ಕೊನೆಗೆ, "ಹೋಗ್ಬಿಟ್ಟ ಕಣೇ."