ಆ ಕಡೆಯ ಕಿಟಕಿ

"ಆ ಕಡೆ ಕಿಟಕಿ ತೆಗೀಬೇಡ ಅಂತ ಎಷ್ಟು ಸಲ ಬಡ್ಕೋಬೇಕು ನಿನಗೆ?"

ಅಕ್ಕ ಕೆಳಗಿನ ಹಾಲ್‌ನಿಂದಲೇ ಕೂಗಿದಳು. ನೋಡಿ ಹೇಳಿದ್ದಲ್ಲ, ಚಿಲಕದ ಸದ್ದು ಕೇಳಿಯೇ ಹೇಳಿದ್ದು. ಮಹಡಿಯ ಕೋಣೆಯಲ್ಲಿ ಹಳೇ ಪೇಪರ್ ಮುದ್ದೆ ಮಾಡಿಕೊಂಡು ಗಾಜು ಒರೆಸುತ್ತಿದ್ದ ತಮ್ಮ ಹಲ್ಲು ಕಚ್ಚಿಕೊಂಡು ಚಿಲಕ ಹಾಕಿದ. ದಪ್ಪ ಪರದೆಯನ್ನು ಈ ತುದಿಯಿಂದ ಆ ತುದಿಗೆ ಎಳೆದ.

"ಒರೆಸೋಕೆ ತೆಗೆದೆ ತಾಯಿ. ಧೂಳಿಗೆ ನಿನ್ನ ಮಾತು ಕೇಳಿಸಲ್ಲ."

"ಧೂಳು ಇರಲಿ ಬಿಡು. ಆ ಕಿಟಕಿ ಇದೆ ಅಂತಾನೇ ಯಾರಿಗೂ ಗೊತ್ತಾಗಬಾರದು."

ಅಕ್ಕ ತಮ್ಮ ಇಬ್ಬರೂ ಮನೆ ತೋರಿಸುವವರು. ಜನ ಬ್ರೋಕರ್ ಎನ್ನುತ್ತಿದ್ದರು, ಅಕ್ಕನಿಗೆ ಆ ಮಾತು ಆಗಿಬರುತ್ತಿರಲಿಲ್ಲ. ಸೊಂಟದಲ್ಲಿ ಗೊಂಚಲು ಗೊಂಚಲಾಗಿ ತೂಗುವ ಖಾಲಿ ಮನೆಗಳ ಕೀಲಿಗಳಿಂದಾಗಿ ಅವಳು ಬರುವುದು ಬೀದಿಯ ತಿರುವಿನಲ್ಲೇ ಕೇಳಿಸುತ್ತಿತ್ತು. ಅದಕ್ಕೇ ಎಲ್ಲರಿಗೂ ಕೀಲಿ ಅಕ್ಕ. ತಮ್ಮನ ಹೆಸರು ಪಟಾಕಿ. ಮೇಷ್ಟ್ರು ಎಸೆದ ಡಸ್ಟರನ್ನು ಗುರಿಯಿಟ್ಟು ಅವರಿಗೇ ವಾಪಸ್ ಎಸೆದು ಶಾಲೆ ಬಿಟ್ಟವನಿಗೆ ಬೇರೆ ಯಾವ ಹೆಸರು ಇಡುತ್ತಾರೆ?

ಈ ಮನೆಯನ್ನು ಮಾಲೀಕರು ಮಾರಲು ಇವರಿಬ್ಬರ ಕೈಗೆ ಮಾತ್ರ ಕೊಟ್ಟಿದ್ದರು. ಕೊಳ್ಳಲೆಂದು ಒಬ್ಬ ಹೆಂಗಸು ಬಂದು ನೋಡಿಕೊಂಡು ಹೋಗಿದ್ದಳು, ಮುಕ್ಕಾಲು ಪಾಲು ಒಪ್ಪಿದ್ದಳು, ನಾಳೆ ಬೆಳಿಗ್ಗೆ ಕೊನೆಯದಾಗಿ ಇನ್ನೊಮ್ಮೆ ಬರುವವಳಿದ್ದಳು. ಇದೊಂದು ದಾಟಿಬಿಟ್ಟರೆ ಊರಲ್ಲಿರುವ ತಮ್ಮ ಉಳಿದ ಮನೆಗಳನ್ನೂ ಇವರಿಗೇ ಒಪ್ಪಿಸುವುದಾಗಿ ಮಾಲೀಕರು ಹೇಳಿದ್ದರು. ಆಮೇಲೆ ಅಕ್ಕನ ಆಫೀಸು ಸ್ಕೂಟರಿನ ಸೀಟಿನ ಕೆಳಗೆ ಇರಬೇಕಾಗಿರಲಿಲ್ಲ. ಒಂದು ರೂಮು, ರೂಮಿಗೊಂದು ಬೋರ್ಡು. ಬೋರ್ಡು ಬರೆಯುವವನನ್ನು ಪಟಾಕಿ ಆಗಲೇ ಗೊತ್ತುಮಾಡಿಟ್ಟಿದ್ದ.

ಮನೆಗೆ ಇದ್ದ ಕೊರತೆ ಒಂದೇ, ಆ ಕಡೆಯ ಕಿಟಕಿ. ತೆಗೆದರೆ ಹಿಂದಿನ ಬೀದಿಯ ಹಳೇ ಕಟ್ಟಡ ಕಣ್ಣಿಗೆ ರಾಚುತ್ತಿತ್ತು. ಕಿತ್ತುಹೋದ ಬಣ್ಣ, ತಗಡಿನ ಚಾವಣಿ, ಪ್ರತಿ ಬಾಲ್ಕನಿಯಲ್ಲೂ ಒದ್ದೆ ಬಟ್ಟೆ. ಕೊಳ್ಳುವವರು ಅದನ್ನು ನೋಡಿದರೆ ಮನೆಯ ಬೆಲೆ ನಿಂತ ಜಾಗದಲ್ಲೇ ಇಳಿಯುತ್ತದೆ. ಪಟಾಕಿಗೆ ಪರದೆ ಎಳೆಯುವಾಗಲೆಲ್ಲ ಮೈ ಉರಿಯುತ್ತಿತ್ತು. ಅವನು, ಅಕ್ಕ, ಭಾವ, ಅಕ್ಕನ ಮಗಳು ಇದ್ದದ್ದೂ ಅಂಥದೇ ಕಟ್ಟಡದ ಎರಡು ರೂಮಿನಲ್ಲಿ. ತಾನು ಬದುಕುವ ಥರದ ಜಾಗವನ್ನು ಬಚ್ಚಿಟ್ಟು ತಾನು ಹೊಟ್ಟೆ ಹೊರೆಯಬೇಕು. ಥೂ, ಇದೊಂದು ಕಸುಬು.

ಅಕ್ಕನ ಫೋನು ಹೊಡೆದುಕೊಂಡಿತು. ಬೀದಿ ಸಮಿತಿಯ ಬೋರ್ಡಿನ ಮೇಲೆ ಬರೆಸಿದ್ದು ಅವಳ ನಂಬರನ್ನೇ. ಚರಂಡಿ ಕಟ್ಟಿಕೊಂಡರೂ ಅವಳಿಗೆ ಫೋನು, ಬೆಕ್ಕು ಮರ ಹತ್ತಿ ಇಳಿಯದಿದ್ದರೂ ಅವಳಿಗೆ ಫೋನು.

"ಎತ್ತಬೇಡ," ಪಟಾಕಿ ಮೆಟ್ಟಿಲಿಳಿಯುತ್ತಾ ಹೇಳಿದ. "ಊರ ಉಸಾಬರಿಗೆಲ್ಲ ನೀನೇನು ಗುತ್ತಿಗೆ ಹಿಡಿದಿದ್ದೀಯಾ? ಸಂಜೆ ಪುಟ್ಟಿ ಹಾಡೋದು ಇದೆ ಸ್ಕೂಲಲ್ಲಿ. ಅಮ್ಮ ಬರದೇ ಇದ್ದರೆ ಬಾಯಿ ಬಿಡಲ್ಲ ಅಂದಿದ್ದಾಳೆ."

ಅಕ್ಕ ಆಗಲೇ ಎತ್ತಿದ್ದಳು. ಹ್ಞೂಂ ಎಂದಳು, ಮತ್ತೆ ಹ್ಞೂಂ ಎಂದಳು.

ಹಿಂದಿನ ಬೀದಿಯ ಅದೇ ಕಟ್ಟಡ. ಕೆಳಗಿನ ಕಂಬ ಬಿರುಕು ಬಿಟ್ಟಿತ್ತು. ಅಗ್ನಿಶಾಮಕದವರು ಬಂದು ಎಲ್ಲರನ್ನೂ ಉಟ್ಟ ಬಟ್ಟೆಯಲ್ಲಿ ಹೊರಗೆ ಕಳಿಸಿ, ಸುತ್ತ ಕೆಂಪು ಪಟ್ಟಿ ಕಟ್ಟಿದ್ದರು. ಸಮಿತಿಯವರು ಹತ್ತಿರದ ಒಂದು ಸಭಾಂಗಣ ತೆಗೆಸಿದ್ದರು, ಅದು ತುಂಬಿಹೋಗಿತ್ತು. ಮಿಕ್ಕವರು ಮೈದಾನದಲ್ಲಿ ಹಾಸಿಗೆ ಪಾತ್ರೆ ಇಟ್ಟುಕೊಂಡು ಕೂತಿದ್ದರು. ಮೋಡ ಕಪ್ಪಾಗಿತ್ತು.

ಅಕ್ಕ ಸೊಂಟದ ಗೊಂಚಲನ್ನು ಕೈಗೆ ತೆಗೆದುಕೊಂಡಳು. ಒಂದೊಂದೇ ಕೀಲಿಯನ್ನು ಬೆರಳಲ್ಲಿ ಸರಿಸಿದಳು. ಇದರಲ್ಲಿ ನೀರಿಲ್ಲ. ಇದರಲ್ಲಿ ಕರೆಂಟಿಲ್ಲ. ಇದರ ಬಾಗಿಲೇ ಇಲ್ಲ. ಕೊನೆಗೆ ಒಂದು ಕೀಲಿಯ ಮೇಲೆ ಬೆರಳು ನಿಂತಿತು.

ಪಟಾಕಿ ಗೊಂಚಲಿಗೆ ಕೈ ಹಾಕಿದ. "ಬೇಡ ಅಕ್ಕಾ. ಈ ಮನೆಯೊಂದು ಬೇಡ."

"ನೀನೇ ತಾನೇ ಟೀ ಅಂಗಡೀಲಿ ಗಂಟಲು ಹರ್ಕೊಳ್ತಿದ್ದೆ? ಊರು ತುಂಬ ಖಾಲಿ ಮನೆ, ಬೀದಿ ತುಂಬ ಜನ, ಕೀಲಿ ಕಿತ್ತು ಅವರ ಕೈಗೆ ಕೊಡಬೇಕು ಅಂತ?"

"ಟೀ ಅಂಗಡೀಲಿ ಹೇಳೋದು ಬೇರೆ!"

ಹೇಳಿದ ಮೇಲೆ ಅವನಿಗೇ ಆ ಮಾತು ಕೇಳಿಸಿತು. ಖಾಲಿ ಹಾಲ್ ಅದನ್ನು ಹಿಡಿದು, ಗೋಡೆಗೆ ಬಡಿದು, ಅವನ ಮುಖಕ್ಕೇ ವಾಪಸ್ ಎಸೆಯಿತು. ಬೇರೆ... ಬೇರೆ...

ಅಕ್ಕ ನಗಲಿಲ್ಲ. ಮಾಲೀಕರಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಳು. ಆಮೇಲೆ ನಿಂತಲ್ಲೇ ಮೆಸೇಜು ಬರೆದಳು, ಏನನ್ನೂ ಮುಚ್ಚಿಡದೆ. ಒಂದು ಸಾಲನ್ನು ಅವಳ ಹೆಬ್ಬೆರಳು ಎರಡು ಸಲ ತಪ್ಪು ಒತ್ತಿ, ಎರಡು ಸಲ ಅಳಿಸಿ ಬರೆಯಿತು. ಅವಳಿಗೆ ಹೆದರಿಕೆ ಇಲ್ಲವೇನೋ ಎಂದುಕೊಂಡಿದ್ದ ಪಟಾಕಿ ಆ ಬೆರಳನ್ನೇ ನೋಡಿದ. ಹೆದರಿಕೆ ಇಟ್ಟುಕೊಂಡೇ ಬರೆಯುತ್ತಿದ್ದಾಳೆ. ಬೈದು ಬೈದು ಬೆಳೆದ ಅವನಿಗೆ ಇಂಥದ್ದೊಂದು ಧೈರ್ಯ ಇದೆ ಅಂತಲೇ ಗೊತ್ತಿರಲಿಲ್ಲ.

"ನಾಳೆ ಏನು ಬರುತ್ತೋ ನನಗೇ ಬರಲಿ," ಅಂದಳು. "ನೀನು ದೀಪ ಹಾಕು, ಬಾಗಿಲು ತೆಗೆದಿಡು. ನಾನು ಕರ್ಕೊಂಡು ಬರ್ತೀನಿ."

ಮುಸ್ಸಂಜೆಗೆ ಬಂದರು, ಅಕ್ಕ ಕೊನೆಯವರ ಜೊತೆ ಇನ್ನೂ ಹಿಂದೆ ಇದ್ದಳು. ತಲೆ ಮೇಲೆ ಹಾಸಿಗೆ ಸುರುಳಿ ಹೊತ್ತವರು, ಹೊಲಿಗೆ ಯಂತ್ರವನ್ನು ಇಬ್ಬರು ಹಿಡಿದವರು, ನಿದ್ದೆ ಹೋದ ಕೂಸನ್ನು ಹೆಗಲಿಗೆ ಹಾಕಿಕೊಂಡವರು. ಎಲ್ಲರಿಗಿಂತ ಮುಂದೆ ಒಬ್ಬ ಅಜ್ಜಿ, ಕುಕ್ಕರನ್ನು ಮಗುವಿನಂತೆ ಸೊಂಟಕ್ಕೆ ಏರಿಸಿಕೊಂಡು. ಅಜ್ಜಿ ಹೊಸ್ತಿಲ ಹತ್ತಿರ ಬಂದು ನಿಂತುಬಿಟ್ಟಳು. ಹಿಂದೆ ಇದ್ದವರೂ ನಿಂತರು. ಹೊಳೆಯುವ ನೆಲ ನೋಡಿ ಒಬ್ಬರೂ ಕಾಲಿಡಲಿಲ್ಲ. ಮಳೆ ಹನಿ ಶುರುವಾಗಿತ್ತು.

ಏನು ಹೇಳಬೇಕೋ ಪಟಾಕಿಗೆ ತೋಚಲಿಲ್ಲ. ಇಂಥ ಹೊತ್ತಿನಲ್ಲಿ ಏನು ಹೇಳುತ್ತಾರೆ? ತಲೆ ಕೈಕೊಟ್ಟಾಗ ನಾಲಿಗೆ ತನಗೆ ರೂಢಿಯಾದ ಕೆಲಸವನ್ನು ಮಾಡಿಬಿಟ್ಟಿತು.

"ಬನ್ನಿ ಬನ್ನಿ, ಮನೆ ನೋಡಿ. ಗಾಳಿ ಬೆಳಕಿಗೆ ಬರವಿಲ್ಲ. ಬೆಳಿಗ್ಗೆ ಬಿಸಿಲು ಹೇಳದೆ ಕೇಳದೆ ಒಳಗೆ ಬರುತ್ತೆ. ನಿಮ್ಮ ಹಾಗಿರೋರಿಗೆ ಅಂತಲೇ ಕಟ್ಟಿಸಿದ ಮನೆ!"

ಹಿಂದಿನಿಂದ ಯಾರೋ ಕಿಸಕ್ಕೆಂದರು, ಇನ್ನೊಬ್ಬರು ನಕ್ಕರು, ಇಡೀ ಗುಂಪು ಹಾಸಿಗೆ ಪಾತ್ರೆ ಸಮೇತ ಅಲುಗಾಡಿ ನಕ್ಕಿತು. "ಅಡ್ವಾನ್ಸ್ ಎಷ್ಟಪ್ಪಾ?" ಅಂದಿತು ಒಂದು ಗಂಡು ದನಿ. ಪಟಾಕಿಯ ಕಿವಿ ಕಾದವು. ನೆಲ ಬಾಯಿ ಬಿಡಬಾರದೇ ಅನಿಸಿತು.

ಅಜ್ಜಿ ಮಾತ್ರ ನಗಲಿಲ್ಲ. ಕುಕ್ಕರನ್ನು ಕೆಳಗಿಟ್ಟಳು. ಚಪ್ಪಲಿ ಬಿಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಸರಿ, ತೋರಿಸು," ಅಂದಳು.

"ಅಜ್ಜಿ, ಅದು ಬಾಯಿ ತಪ್ಪಿ..."

"ತೋರಿಸು ಅಂದೆ. ನಾನು ಆರು ಮನೆ ಬದಲಾಯಿಸಿದೀನಿ ಕಣಪ್ಪ. ಇರೋದು ಇಷ್ಟೇ, ಇದ್ದರೆ ಇರು ಅಂತ ಕೀಲಿ ಎಸೆದು ಹೋಗೋರು. ನನಗೆ ಅಂತ ಇವತ್ತಿನವರೆಗೆ ಯಾರೂ ಮನೆ ತೋರಿಸಿಲ್ಲ."

ಹಾಗಾಗಿ ಅವನು ತೋರಿಸಿದ. ಅಕ್ಕ ಕಲಿಸಿದ ಕ್ರಮದಲ್ಲೇ ತೋರಿಸಿದ: ತಾನು ಮೊದಲು ಒಳಗೆ ಹೋಗಿ ದೀಪ ಹಾಕಿ, ಮತ್ತೆ ಬಾಗಿಲಿಗೆ ಬಂದು "ಬನ್ನಿ" ಅಂದು. ಮೊದಲು ಹಾಲ್, ಆಮೇಲೆ ಅಡುಗೆಮನೆ. ಅಜ್ಜಿ ನಲ್ಲಿ ತಿರುಗಿಸಿ ನೀರಿಗೆ ಕೈಯೊಡ್ಡಿದಳು. "ಬಿಸಿನೀರೂ ಬರುತ್ತಾ?" "ಬರುತ್ತೆ ಅಜ್ಜಿ, ಎಡಗಡೆದು." ಕೈ ಸುಟ್ಟುಕೊಂಡು "ಅಯ್ಯಪ್ಪಾ, ಸುಳ್ಳು ಹೇಳಲ್ಲ ಇವನು!" ಅಂದಳು. ಗೋಡೆಗೆ ಗೆಣ್ಣಿನಿಂದ ಕುಟ್ಟಿದಳು. "ಕಂಬ ಗಟ್ಟಿ ಇದೆಯಾ?" ಅಂದಳು. ಈ ಸಲ ಯಾರೂ ನಗಲಿಲ್ಲ. ಜನ ಚಪ್ಪಲಿ ಬಿಟ್ಟು ಒಬ್ಬೊಬ್ಬರಾಗಿ ಒಳಗೆ ಬಂದು ಅವಳ ಹಿಂದೆ ಕೋಣೆಯಿಂದ ಕೋಣೆಗೆ ನಡೆದರು. ಅಲ್ಮೇರಾದ ಬಾಗಿಲನ್ನು ಬೆರಳ ತುದಿಯಿಂದ ತೆಗೆದು ಬೆರಳ ತುದಿಯಿಂದ ಮುಚ್ಚಿದರು. ಹೀಗೆ ನೋಡುವವರಿಗೆ ಪಟಾಕಿ ಎಂದೂ ಮನೆ ತೋರಿಸಿರಲಿಲ್ಲ. ಕೊಳ್ಳುವವರು ಕೊರತೆ ಹುಡುಕುತ್ತಿದ್ದರು. ಇವರು ಮೂಗು ಮುರಿಯದೆ, ಬಾಯಿ ಬಿಡದೆ, ಬರೀ ನೋಡುತ್ತಿದ್ದರು. ಅವನು ಒರೆಸಿ ಒರೆಸಿ ಬೇಸತ್ತಿದ್ದ ನೆಲ, ಮೆಟ್ಟಿಲು, ಕಂಬಿ ಎಲ್ಲವೂ ಅವರ ಕಣ್ಣೆದುರು ಆಗ ತಾನೇ ತಯಾರಾಗುತ್ತಿರುವಂತೆ ಅವನಿಗೆ ಕಂಡಿತು.

ಮಹಡಿಯ ಕೋಣೆ ಕೊನೆಯದು. ಅಲ್ಲಿ ಮಾತಾಡಬಾರದು ಎಂಬುದು ಅಕ್ಕನ ಪಾಠ. ಗಿರಾಕಿಯನ್ನು ಒಳಗೆ ಬಿಟ್ಟು ಬಾಯಿ ಮುಚ್ಚಿಕೊಂಡು ನಿಲ್ಲು. ಮಿಕ್ಕಿದ್ದನ್ನು ಮನೆಯೇ ಮಾತಾಡುತ್ತೆ. ಪಟಾಕಿ ಬಾಯಿ ಮುಚ್ಚಿಕೊಂಡು ನಿಂತ. ಅಜ್ಜಿ ಸುತ್ತ ನೋಡಿ, ನೇರ ಪರದೆಯ ಹತ್ತಿರ ಹೋದಳು.

"ಅಜ್ಜಿ, ಆ ಕಡೆ..."

ಸರ್ರೆಂದು ಎಳೆದಳು. ಚಿಲಕ ತೆಗೆದು ಎರಡೂ ಬಾಗಿಲನ್ನು ಹೊರಗೆ ನೂಕಿದಳು.

ಎದುರಿಗೇ ಕಟ್ಟಡ. ಹನಿ ನಿಂತು, ಮೋಡದ ಅಡಿಯಿಂದ ನುಗ್ಗಿದ ಕೊನೆಯ ಬೆಳಕು ಅದರ ಮೇಲೆ ಬಿದ್ದಿತ್ತು. ಕಿತ್ತುಹೋದ ಬಣ್ಣ ತಾಮ್ರದ ಹಾಗೆ ಉರಿಯುತ್ತಿತ್ತು, ತಗಡು ಹೊಳೆಯುತ್ತಿತ್ತು, ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ತರಾತುರಿಯಲ್ಲಿ ಬಿಟ್ಟುಬಂದ ಬಟ್ಟೆಗಳು ಮಾತ್ರ ಬಾಲ್ಕನಿ ಬಾಲ್ಕನಿಯಲ್ಲೂ ತೂಗುತ್ತಿದ್ದವು.

"ಆ ನೀಲಿ ಬೆಡ್‌ಶೀಟು ನಂದೇ," ಅಂದಳು ಅಜ್ಜಿ. "ದಿನಾ ಬಟ್ಟೆ ಹಾಕುವಾಗ ಈ ಕಿಟಕಿ ಕಾಣ್ತಿತ್ತು. ಯಾವಾಗಲೂ ಮುಚ್ಚಿರ್ತಿತ್ತು. ಒಳಗೆ ಯಾರೋ ಕಾಯಿಲೆಯೋರು ಇರಬೇಕು, ಪಾಪ, ಅಂದ್ಕೊಂಡಿದ್ದೆ."

ಪಟಾಕಿ ಪರದೆಯನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿದ.

"ಇಲ್ಲಿಂದ ಎಷ್ಟು ಚೆನ್ನಾಗಿ ಕಾಣುತ್ತಲ್ಲೋ ನಮ್ಮನೆ," ಅಂದಳು ಅಜ್ಜಿ.

ಕೆಳಗೆ ಭಾವ ಬಂದಿದ್ದ, ಮಗಳನ್ನು ಶಾಲೆಯಿಂದ ನೇರ ಎತ್ತಿಕೊಂಡು. "ಮನೆಗೆ ಬರ್ತೀಯೋ, ಇಲ್ಲ ನಮಗೂ ಒಂದು ರೂಮು ತೋರಿಸ್ತೀಯೋ?" ಅಂತ ಹೆಂಡತಿಯನ್ನು ಕೇಳಿದ. ದನಿಯಲ್ಲಿ ಕೋಪವಿತ್ತು, ಕಂಕುಳಲ್ಲಿ ಮನೆಯ ಕಂಬಳಿಗಳೂ ಇದ್ದವು. ಹಾಡಿಗೆಂದು ಬೆಕ್ಕಿನ ಮೀಸೆ ಬರೆಸಿಕೊಂಡಿದ್ದ ಪುಟ್ಟಿ ಅಮ್ಮನ ಕಡೆ ನೋಡಲೇ ಇಲ್ಲ. ಶಾಲೆಯಲ್ಲಿ ಅವಳು ನಿಜಕ್ಕೂ ಬಾಯಿ ಬಿಟ್ಟಿರಲಿಲ್ಲ. ಅಕ್ಕ ಅವಳ ಮುಂದೆ ಮಂಡಿಯೂರಿ ಕೂತು ಏನೋ ಪಿಸುಗುಟ್ಟಿದಳು. ಬಹಳ ಹೊತ್ತು ಬೇಡಿಸಿಕೊಂಡ ಮೇಲೆ ಪುಟ್ಟಿ ಮೆಟ್ಟಿಲ ಮೇಲೆ ನಿಂತು, ಗೋಡೆಯ ಕಡೆ ಮುಖ ಮಾಡಿಕೊಂಡು, ಪೂರ್ತಿ ಹಾಡಿದಳು.

ಬೆಳಿಗ್ಗೆ ಪಟಾಕಿ ಟೀ ಕೆಟಲು ಹಿಡಿದು ಬಂದಾಗ ಬಾಗಿಲ ಮುಂದೆ ಕಾಲಿಡಲು ಜಾಗವಿಲ್ಲದಷ್ಟು ಚಪ್ಪಲಿಗಳು. ಅಂಗೈಯಷ್ಟು ಚಿಕ್ಕವು, ಹಿಮ್ಮಡಿ ಸವೆದವು, ಪಿನ್ನು ಹಾಕಿದವು. ಒಳಗೆ ಹೋಗಿ "ಅಕ್ಕಾ" ಎಂದು ಕರೆದ. ಮತ್ತೆ ಕರೆದ. ದನಿ ವಾಪಸ್ ಬರಲಿಲ್ಲ. ಎಷ್ಟೋ ಸಲ ಅವನನ್ನೇ ಅಣಕಿಸಿದ್ದ ಹಾಲ್ ಈಗ ಅವನ ಮಾತನ್ನು ಮೆತ್ತಗೆ ನುಂಗಿಕೊಂಡಿತ್ತು. ಕಂಬಳಿಗಳ ಮೇಲೆ, ಒಣಹಾಕಿದ ಬಟ್ಟೆಗಳ ಮೇಲೆ, ಮಲಗಿದ ಮೈಗಳ ಮೇಲೆ ಅದು ಎಲ್ಲೋ ಇಳಿದುಹೋಯಿತು. ಅವನು ಕೆಟಲು ಹಿಡಿದುಕೊಂಡು ಹಾಗೇ ನಿಂತ. ಅಡುಗೆಮನೆಯ ಕಟ್ಟೆಯ ಮೇಲೆ ಬಿಸಿ ಕುಕ್ಕರಿಟ್ಟ ಕಪ್ಪು ಉಂಗುರ ಮೂಡಿತ್ತು. ಅಕ್ಕ ಅದನ್ನು ಉಜ್ಜುತ್ತಿದ್ದಳು. ಅದು ಹೋಗುವ ಹಾಗೆ ಕಾಣಲಿಲ್ಲ.

ಗೇಟಿನಲ್ಲಿ ಕಾರು ನಿಂತಿತು. ಮಾಲೀಕರೂ ಕೊಳ್ಳುವ ಹೆಂಗಸೂ ಒಟ್ಟಿಗೇ ಇಳಿದರು.

ಮಾಲೀಕರು ಕೂಗಾಡಲಿಲ್ಲ. ಚಪ್ಪಲಿಗಳ ಆಚೆಯೇ ನಿಂತು ಕೈ ಚಾಚಿದರು. "ಕೀಲಿ."

"ನಿನ್ನೆ ಫೋನ್ ಮಾಡಿದ್ದೆ ಸರ್. ಮೆಸೇಜು..."

"ಈಗ ಓದಿದೆ. ನಿಮಗೆ ಕೀಲಿ ಕೊಟ್ಟಿದ್ದು ಮನೆ ತೋರಿಸೋಕೆ. ದಾನ ಮಾಡೋಕಲ್ಲ. ಇನ್ನು ನಮ್ಮ ಯಾವ ಮನೆ ಕಡೆಗೂ ಬರಬೇಡಿ."

ಪಟಾಕಿಯ ಬಾಯಿಗೆ ಬಂದ ಮಾತುಗಳು ಒಂದಕ್ಕಿಂತ ಒಂದು ಚೂಪಾಗಿದ್ದವು. ಅಕ್ಕ ಅವನ ಕಡೆ ಒಮ್ಮೆ ನೋಡಿದಳು, ಅಷ್ಟೇ. ಗೊಂಚಲಿನ ಬಳೆಯನ್ನು ಅಗಲಿಸಿ, ಉಗುರು ಮುರಿದುಕೊಂಡು, ಆ ಒಂದು ಕೀಲಿಯನ್ನು ಬಿಡಿಸಿ ಅವರ ಅಂಗೈಯಲ್ಲಿಟ್ಟಳು. "ಅಡುಗೆಮನೆ ಕಟ್ಟೆ ಮೇಲೆ ಒಂದು ಕಲೆ ಆಗಿದೆ ಸರ್. ಅದನ್ನು ನಾನು ಸರಿಮಾಡಿಸಿಕೊಡ್ತೀನಿ," ಅಂದಳು. ಗೂಡಂಗಡಿಯಷ್ಟಾದರೂ ಇರಲಿ ಎಂದು ಕನಸು ಕಂಡಿದ್ದ ಆಫೀಸು ಹೀಗೆ ಒಂದು ಸದ್ದೂ ಇಲ್ಲದೆ ಹೋಯಿತು.

ಆಗ ಒಳಗಿನಿಂದ ಅಜ್ಜಿ ಬಂದಳು. ಮಾಲೀಕರನ್ನು ನೋಡಿದಳು, ಅಕ್ಕನ ಮುರಿದ ಉಗುರನ್ನು ನೋಡಿದಳು, ಕೊನೆಗೆ ಹಿಂದೆ ನಿಂತಿದ್ದ ಹೆಂಗಸನ್ನು ನೋಡಿದಳು. ಮುಂಗೈಯಿಂದ ಕೂದಲು ಸರಿಮಾಡಿಕೊಂಡಳು.

"ಮನೆ ನೋಡೋಕೆ ಬಂದ್ರಾ? ಬನ್ನಿ ಬನ್ನಿ. ಗಾಳಿ ಬೆಳಕಿಗೆ ಬರವಿಲ್ಲ. ಬೆಳಿಗ್ಗೆ ಬಿಸಿಲು ಹೇಳದೆ ಕೇಳದೆ ಒಳಗೆ ಬರುತ್ತೆ. ಬಿಸಿನೀರು ಎಡಗಡೆದು, ಹುಷಾರು, ಕೈ ಸುಡುತ್ತೆ."

ಯಾರೂ ನಗಲಿಲ್ಲ. ಹೋದ ಸಲ ಆ ಹೆಂಗಸು ಎತ್ತರದ ಹಿಮ್ಮಡಿಯ ಬೂಟಿನಲ್ಲಿ ಟಕಟಕ ಎಂದು ಇಡೀ ಮನೆ ಸುತ್ತಿದ್ದಳು. ಈಗ ಅವಳು ಆ ಚಪ್ಪಲಿ ರಾಶಿಯನ್ನು ನೋಡುತ್ತಾ ನಿಂತಳು. ಆಮೇಲೆ ಬಾಗಿಲ ಚೌಕಟ್ಟಿಗೆ ಒಂದು ಕೈ ಕೊಟ್ಟು, ಬಗ್ಗಿ, ಬೂಟಿನ ಪಟ್ಟಿ ಬಿಚ್ಚತೊಡಗಿದಳು. ಪಟಾಕಿ ಕಾಲಿನಿಂದ ನಾಲ್ಕಾರು ಚಪ್ಪಲಿ ಸರಿಸಿ ಅವಕ್ಕೆ ಜಾಗ ಮಾಡಿದ.

"ಮೇಲೆ ಹೋಗಬಹುದಾ ಅಜ್ಜಿ?" ಅವಳು ಕೇಳಿದಳು. ಮಾಲೀಕರ ಕೈಯಲ್ಲಿ ಕೀಲಿ ಇತ್ತು.

"ಬನ್ನಿ, ಕಂಬಿ ಹಿಡ್ಕೊಳ್ಳಿ."

ಮಹಡಿಯಲ್ಲಿ ಕಿಟಕಿ ರಾತ್ರಿಯೆಲ್ಲ ತೆರೆದೇ ಇತ್ತು. "ಹೋದ ಸಲ ಇಲ್ಲಿ ಕಿಟಕಿ ಇತ್ತಾ?" ಅಂದಳು ಹೆಂಗಸು, ಇಂಥವರನ್ನೇ ಅಂತಲ್ಲದೆ. ಅಜ್ಜಿ ಬೆರಳು ಮಾಡಿ ತೋರಿಸಿದಳು. ಹೆಂಗಸು ಬರಿಗಾಲಲ್ಲಿ ಹತ್ತಿರ ಹೋದಳು, ಕಿಟಕಿಯ ಕಟ್ಟೆಗೆ ಎರಡೂ ಕೈಯಿಟ್ಟಳು.

ಬಾಗಿಲಲ್ಲಿ ಪಟಾಕಿ ಬಾಯಿ ಮುಚ್ಚಿಕೊಂಡು ನಿಂತ. ಆಚೆ, ಕೆಂಪು ಪಟ್ಟಿಯೊಳಗಿನ ಕಟ್ಟಡದ ಬಾಲ್ಕನಿಯಲ್ಲಿ, ನೀಲಿ ಬೆಡ್‌ಶೀಟು ಒಣಗಿ ಹಗುರಾಗಿ, ಗಾಳಿಗೆ ಒಮ್ಮೆ ಪೂರ್ತಿ ಉಬ್ಬಿ, ಮೆಲ್ಲಗೆ ಮತ್ತೆ ಗೋಡೆಗೆ ಒರಗಿತು.